ಒಂದು ತೊಟ್ಟಿ, ಒಂದೇ ಮೀನು

ಮನೆಗೆ ಮೀನು ಬರುವುದು ಹೆಚ್ಚಾಗಿ ಮಕ್ಕಳ ಹಟದಿಂದ. ನಾಯಿಗೆ ಬಾಡಿಗೆ ಮನೆಯ ಮಾಲೀಕರು ಒಪ್ಪುವುದಿಲ್ಲ, ಬೆಕ್ಕಿಗೆ ಅಜ್ಜಿ ಒಪ್ಪುವುದಿಲ್ಲ, ಕೊನೆಗೆ ಎಲ್ಲರೂ ತಲೆಯಾಡಿಸುವುದು ಒಂದು ಪುಟ್ಟ ಗಾಜಿನ ತೊಟ್ಟಿಗೆ. ಟಿವಿ ಪಕ್ಕದಲ್ಲೋ ಓದುವ ಮೇಜಿನ ಮೇಲೋ ಒಂದಡಿ ಜಾಗವಿದ್ದರೆ ಆಯಿತು ಅನ್ನಿಸುತ್ತದೆ. ಅಂಗಡಿಗೆ ಹೋಗುವ ಹೊತ್ತಿಗೆ ತಲೆಯಲ್ಲಿ ಆಗಲೇ ಒಂದಷ್ಟು ನಂಬಿಕೆಗಳು ಬೇರೂರಿರುತ್ತವೆ; ಉಳಿದದ್ದನ್ನು ಅಂಗಡಿಯವರು ತುಂಬಿಕೊಡುತ್ತಾರೆ. ತಿಂಗಳೊಳಗೆ ಮೀನು ಸತ್ತು, ತೊಟ್ಟಿ ಅಟ್ಟ ಸೇರಿ, 'ನಮ್ಮನೇಲಿ ಮೀನು ಉಳಿಯಲ್ಲ' ಎಂಬ ತೀರ್ಮಾನ ಹೊರಬೀಳುತ್ತದೆ.

ಪುಟ್ಟ ತೊಟ್ಟಿಯಲ್ಲಿ ನೆಮ್ಮದಿಯಾಗಿ ಬಾಳುವ, ಜೊತೆಗೆ ಯಾರೂ ಇಲ್ಲದಿದ್ದರೂ ಏನನ್ನೂ ಕಳೆದುಕೊಳ್ಳದ ಮೀನುಗಳಿವೆ. ಆ ಪಟ್ಟಿಯಲ್ಲಿ ಮೊದಲನೆಯದು ಫೈಟರ್. ಶಾಂತ ಮೀನು ಕೇಳಿದವರಿಗೆ ಫೈಟರ್ ತೋರಿಸಿದರೆ ನಗುತ್ತಾರೆ. ಅಲ್ಲಿಂದಲೇ ಶುರುಮಾಡೋಣ.

'ಫೈಟರ್ ಜಗಳಗಂಟ, ಶಾಂತ ಮೀನು ಬೇಕೆಂದರೆ ಅದು ಬೇಡ'

ಜಗಳವಾಡುವುದು ನಿಜ. ಯಾರ ಜೊತೆ ಎನ್ನುವುದು ಪ್ರಶ್ನೆ. ಗಂಡು ಫೈಟರ್ ತನ್ನಂಥದೇ ಇನ್ನೊಂದು ಗಂಡನ್ನು ಸಹಿಸುವುದಿಲ್ಲ. ತಾನು ಗೂಡು ಕಟ್ಟುವ ಜಾಗಕ್ಕೆ ಅದು ಬಂದರೆ ಕಿವಿರಿನ ಮುಚ್ಚಳ ಅರಳಿಸಿ, ರೆಕ್ಕೆಗಳನ್ನೆಲ್ಲ ಬಿಚ್ಚಿ, ಇದ್ದುದಕ್ಕಿಂತ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ಗದ್ದೆಯ ನೀರಿನಲ್ಲಾದರೆ ಎರಡರಲ್ಲೊಂದು ಸೋಲೊಪ್ಪಿ ಹುಲ್ಲಿನ ಸಂದಿಯಲ್ಲಿ ನುಸುಳಿ ಹೋಗುತ್ತದೆ, ಅಲ್ಲಿಗೆ ವ್ಯಾಜ್ಯ ಮುಗಿಯಿತು. ಗಾಜಿನ ತೊಟ್ಟಿಯಲ್ಲಿ ಸೋತವನಿಗೆ ಓಡಲು ಜಾಗವೇ ಇಲ್ಲ. ಜಗಳ ಸಾವಿನವರೆಗೆ ಹೋಗುವುದು ಅದರಿಂದ. ಈ ಹುರುಪಿನಲ್ಲಿ ಮನುಷ್ಯರ ಪಾಲೂ ಇದೆ. ನಮ್ಮ ಕರಾವಳಿಯ ಕೋಳಿ ಅಂಕದ ಹಾಗೆ ಥಾಯ್ಲೆಂಡಿನಲ್ಲಿ ಮೀನಿನ ಕಾಳಗಕ್ಕೆ ಬಾಜಿ ಕಟ್ಟುತ್ತಿದ್ದರು. ಬೇಗ ಸೋಲದ ಮೀನುಗಳನ್ನೇ ಆರಿಸಿ ತಲೆಮಾರುಗಳ ಕಾಲ ಮರಿ ಮಾಡಿಸಿದರು. ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ವೈಜ್ಞಾನಿಕ ಹೆಸರು ಇದಕ್ಕೆ ಬಂದದ್ದು 1910ರಲ್ಲಿ. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನೇ ತನ್ನ ರಾಷ್ಟ್ರೀಯ ಜಲಚರ ಮಾಡಿಕೊಂಡಿತು.

ಅಂಗಡಿಯಲ್ಲಿ ನಮಗೆ ಸಿಗುವ ಉದ್ದ ಬಾಲದ ತಳಿಗಳನ್ನು ಬೆಳೆಸಿದ್ದು ಕಾಳಗಕ್ಕಲ್ಲ, ಬಣ್ಣಕ್ಕೆ ಮತ್ತು ಬಾಲಕ್ಕೆ. ಅಷ್ಟು ಭಾರದ ರೆಕ್ಕೆ ಹೊತ್ತ ಮೀನಿಗೆ ಜೋರಾಗಿ ಈಜುವುದೇ ಪ್ರಯಾಸ. ಅಂಥದ್ದೊಂದನ್ನು ಒಂಟಿಯಾಗಿ ಬಿಟ್ಟು ಅರ್ಧ ಗಂಟೆ ಎದುರು ಕೂತು ನೋಡಿ. ಎಲೆಯ ಕೆಳಗೆ ಹೋಗಿ ಸುಮ್ಮನೆ ನಿಲ್ಲುತ್ತದೆ. ಎದೆಯ ಪಕ್ಕದ ಎರಡು ಪುಟ್ಟ ರೆಕ್ಕೆಗಳು ಮಾತ್ರ ಆಡುತ್ತಿರುತ್ತವೆ. ಕಣ್ಣು ಹೊರಳಿಸಿ ಗಾಜಿನಾಚೆಯ ನಿಮ್ಮನ್ನು ನೋಡುತ್ತದೆ. ಆಮೇಲೆ ನಿಧಾನಕ್ಕೆ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದು, ಕಿವಿರಿನ ಬಳಿ ಒಂದೆರಡು ಗುಳ್ಳೆ ಬಿಟ್ಟು ಮತ್ತೆ ಇಳಿಯುತ್ತದೆ. ಇದಕ್ಕಿಂತ ಸಾಧು ಪ್ರಾಣಿ ಮನೆಯಲ್ಲಿ ಇನ್ನೊಂದಿರಲಾರದು.

ಕನ್ನಡಿ ತೋರಿಸಿ 'ಕುಣಿಸುವ' ಚಟ ಒಂದಿದೆ. ಮೀನಿಗೆ ಅದು ಕುಣಿತವಲ್ಲ, ಎದುರಾಳಿ ಬಂದನೆಂಬ ಸಿಟ್ಟು. ಅಪರೂಪಕ್ಕೆ ಒಂದೆರಡು ನಿಮಿಷವಾದರೆ ಏನೂ ಆಗದು. ವಾರ್ಡ್‌ರೋಬಿನ ಕನ್ನಡಿಯ ಎದುರು ತೊಟ್ಟಿ ಇಟ್ಟರೆ ಮಾತ್ರ ಅದಕ್ಕೆ ದಿನವಿಡೀ ಯುದ್ಧ. ಅಂಗಡಿಯಲ್ಲಿ ಫೈಟರ್‌ಗಳಿರುವ ಪ್ಲಾಸ್ಟಿಕ್ ಲೋಟಗಳನ್ನು ಒತ್ತೊತ್ತಾಗಿ ಇಡುವಾಗ ನಡುವೆ ಕಾಗದದ ತುಂಡು ಸಿಕ್ಕಿಸುವವರನ್ನು ನೋಡಿದರೆ ಅವರು ಕಸುಬು ಬಲ್ಲವರೆಂದು ತಿಳಿಯಬಹುದು. ಅಂಥವರ ಬಳಿಯೇ ಕೊಳ್ಳಿ.

'ಪಾಪ, ಒಂದೇ ಇದ್ದರೆ ಅದಕ್ಕೆ ಬೇಜಾರು. ಜೋಡಿ ತಗೊಳ್ಳಿ ಸಾರ್'

ಅತ್ಯಂತ ಕರುಣೆಯಿಂದ ಹೇಳುವ, ಅತಿ ಹೆಚ್ಚು ಮೀನುಗಳನ್ನು ಕೊಲ್ಲುವ ಮಾತಿದು.

ಮೀನುಗಳಲ್ಲಿ ಗುಂಪಿನವು ಬೇರೆ, ಒಂಟಿಯವು ಬೇರೆ. ಅಮೆಜಾನ್ ಕಡೆಯ ನಿಯಾನ್ ಟೆಟ್ರಾ ಗುಂಪಿನದು. ಬೇಟೆಗಾರ ಬಂದರೆ ಹತ್ತಾರು ಒಟ್ಟಿಗಿದ್ದಾಗ ಯಾವುದನ್ನು ಹಿಡಿಯಬೇಕೆಂದು ಅವನಿಗೇ ಗೊಂದಲ. ಆ ಗೊಂದಲವೇ ಅದಕ್ಕೆ ರಕ್ಷಣೆ. ಒಂದೇ ಒಂದು ನಿಯಾನನ್ನು ತಂದು ಬಿಟ್ಟರೆ ಬಣ್ಣ ಕಳೆದುಕೊಂಡು ಮೂಲೆಯಲ್ಲಿ ಮುದುಡಿರುತ್ತದೆ. ಅದಕ್ಕೆ ಬೇಜಾರು ಎಂದರೆ ಒಪ್ಪಬಹುದು. ಫೈಟರ್‌ನ ಬದುಕು ಇದಕ್ಕೆ ಪೂರ್ತಿ ಉಲ್ಟಾ. ಗಿಡಗಳ ನಡುವೆ ಒಂದು ತುಂಡು ಜಾಗ ತನ್ನದೆಂದು ಹಿಡಿದು, ಉಳಿದವರನ್ನು ಹೊರಗಿಡುವುದೇ ಅದರ ದಿನಚರಿ. ಇನ್ನೊಂದು ಮೀನು ಪಕ್ಕದಲ್ಲಿ ಬಂದರೆ ಅದಕ್ಕೆ ಗೆಳೆಯ ಸಿಕ್ಕಂತಲ್ಲ, ಮನೆಗೆ ನುಗ್ಗಿದವನು ಸಿಕ್ಕಂತೆ.

ಹೆಣ್ಣು ತಂದರೆ ಸಂಸಾರ ಹೂಡುತ್ತದೆ ಎಂಬುದೂ ಹೀಗೆಯೇ. ಗಂಡು ಹೆಣ್ಣು ಸೇರುವುದು ಮೊಟ್ಟೆಯ ಹೊತ್ತಿಗೆ ಮಾತ್ರ. ಗಂಡು ನೀರಿನ ಮೇಲೆ ನೊರೆಗೂಡು ಕಟ್ಟಿ, ಹೆಣ್ಣು ಇಟ್ಟ ಮೊಟ್ಟೆಗಳನ್ನು ಬಾಯಲ್ಲಿ ಹೆಕ್ಕಿ ಅದರಲ್ಲಿ ಅಂಟಿಸುತ್ತದೆ. ಅಷ್ಟಾದ ಮೇಲೆ ಹೆಣ್ಣು ಅದರ ಪಾಲಿಗೆ ಮೊಟ್ಟೆ ತಿನ್ನಲು ಬಂದ ಶತ್ರು. ಅಟ್ಟಿಸಿಕೊಂಡು ಕಚ್ಚುತ್ತದೆ. ಮರಿ ಮಾಡಿಸುವವರು ಆ ಕ್ಷಣಕ್ಕೆ ಕಾದಿದ್ದು ಹೆಣ್ಣನ್ನು ಬೇರೆ ತೊಟ್ಟಿಗೆ ಎತ್ತುತ್ತಾರೆ. ಒಂದಡಿಯ ತೊಟ್ಟಿಯಲ್ಲಿ ಬಿಟ್ಟು ಮಲಗಿದವರ ಮನೆಯಲ್ಲಿ ಬೆಳಗಿನ ಹೊತ್ತಿಗೆ ಹೆಣ್ಣಿನ ಬಾಲ ಚಿಂದಿಯಾಗಿರುತ್ತದೆ. ಹೆಣ್ಣುಗಳನ್ನಷ್ಟೇ ಸೇರಿಸಿದರೆ ಶಾಂತಿ ಇರುತ್ತದೆಂದೂ ತಿಳಿಯಬೇಡಿ, ಅವೂ ಒಂದನ್ನೊಂದು ಕಾಡುತ್ತವೆ.

ಹಾಗಾದರೆ ಬೇರೆ ಜಾತಿಯ ಮೀನು? ಗಪ್ಪಿಯ ಬಣ್ಣದ ಬಾಲ ಕಂಡರೆ ಫೈಟರ್ ಅದನ್ನು ತನ್ನ ಜಾತಿಯ ಗಂಡೆಂದು ತಪ್ಪು ತಿಳಿಯುವುದುಂಟು. ಟೈಗರ್ ಬಾರ್ಬ್ ಬಿಟ್ಟರೆ ಫೈಟರ್‌ನ ಬಾಲವನ್ನೇ ಅವು ಕಚ್ಚಿ ಹರಿಯುತ್ತವೆ. ಅರವತ್ತು ಲೀಟರಿನ ತೊಟ್ಟಿಯಿದ್ದರೆ ತಳದಲ್ಲೇ ಓಡಾಡುವ ಕೋರಿಡೋರಸ್ ಗುಂಪನ್ನು ಜೊತೆಗಿಡಬಹುದು. ಇಪ್ಪತ್ತು ಲೀಟರಿನದಾದರೆ ಒಂದು ನೆರೈಟ್ ಬಸವನಹುಳು ಸಾಕು. ಅದು ಪಾಚಿ ತಿನ್ನುತ್ತದೆ, ಸಿಹಿನೀರಿನಲ್ಲಿ ಅದರ ಮರಿಗಳು ಬದುಕುವುದಿಲ್ಲವಾದ್ದರಿಂದ ಸಂತಾನ ಹೆಚ್ಚಿ ತಲೆನೋವಾಗುವ ಭಯವೂ ಇಲ್ಲ.

'ಸಣ್ಣ ಮೀನಿಗೆ ಸಣ್ಣ ತೊಟ್ಟಿ, ದೊಡ್ಡ ಮೀನಿಗೆ ದೊಡ್ಡ ತೊಟ್ಟಿ'

ಅಳತೆ ಮಾಡಬೇಕಾದ್ದು ಮೀನಿನ ಉದ್ದವನ್ನಲ್ಲ, ಅದರ ಓಡಾಟವನ್ನು. ಜೀಬ್ರಾ ಡೇನಿಯೊ ಕಿರುಬೆರಳಿಗಿಂತ ಸಣ್ಣದು. ಇಡೀ ದಿನ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಓಡುತ್ತಿರುತ್ತದೆ, ಅದೂ ಗುಂಪಿನಲ್ಲಿ. ಅದಕ್ಕೆ ಎರಡಡಿ ಉದ್ದದ ಟ್ಯಾಂಕಾದರೂ ಬೇಕು. ಅದಕ್ಕಿಂತ ದೊಡ್ಡ ಮೈಯ ಫೈಟರ್ ಒಂದಡಿಯಲ್ಲಿ ಆರಾಮ, ಯಾಕೆಂದರೆ ಅದು ಓಡುವ ಮೀನಲ್ಲ, ನಿಲ್ಲುವ ಮೀನು.

ಈ ತಪ್ಪಿಗೆ ಹೆಚ್ಚು ಬಲಿಯಾದದ್ದು ಗೋಲ್ಡ್‌ಫಿಶ್. ಅಂಗಡಿಯಲ್ಲಿ ಕಾಣುವ ಎರಡಿಂಚಿನದು ಬರೀ ಮರಿ. ಸರಿಯಾಗಿ ಬೆಳೆದರೆ ಆರೆಂಟು ಇಂಚಾಗುತ್ತದೆ, ಹತ್ತು ಹದಿನೈದು ವರ್ಷ ಬದುಕುತ್ತದೆ. ಇಂಗ್ಲೆಂಡಿನ ಟಿಶ್ ಎಂಬ ಗೋಲ್ಡ್‌ಫಿಶ್ ಜಾತ್ರೆಯ ಆಟದಲ್ಲಿ ಬಹುಮಾನವಾಗಿ ಬಂದದ್ದು. 43 ವರ್ಷ ಬದುಕಿ 1999ರಲ್ಲಿ ಸತ್ತಿತು. ನಮ್ಮಲ್ಲಿ ಮೂರು ತಿಂಗಳು ಬದುಕಿದರೆ 'ಚೆನ್ನಾಗಿ ನೋಡ್ಕೊಂಡ್ರಿ' ಎನ್ನುತ್ತಾರೆ. ಗೋಲ್ಡ್‌ಫಿಶ್ ಒಂಟಿ ಮೀನೂ ಅಲ್ಲ, ಪುಟ್ಟ ತೊಟ್ಟಿಯ ಮೀನೂ ಅಲ್ಲ. ಇಟಲಿಯ ಮೊಂಝಾ ಪಟ್ಟಣ 2004ರಲ್ಲಿ ದುಂಡು ಬೌಲಿನಲ್ಲಿ ಗೋಲ್ಡ್‌ಫಿಶ್ ಇಡುವುದನ್ನೇ ನಿಷೇಧಿಸಿತು, ಮರುವರ್ಷ ರೋಮ್ ಕೂಡ ದುಂಡು ಬೌಲುಗಳಿಗೆ ನಿಷೇಧ ಹಾಕಿತು.

'ತೊಟ್ಟಿ ಇದ್ದಷ್ಟೇ ಮೀನು ಬೆಳೆಯುತ್ತೆ' ಎಂಬ ಸಮಾಧಾನದ ಮಾತೂ ಇದರ ಬೆನ್ನಿಗೇ ಬರುತ್ತದೆ. ಬೆಳವಣಿಗೆ ಕುಂಠಿತವಾಗುವುದು ನಿಜ, ಕೊಳಕು ನೀರು ಮತ್ತು ಇಕ್ಕಟ್ಟಿನಿಂದ. ಅದು ರೋಗ, ಹೊಂದಾಣಿಕೆಯಲ್ಲ.

ವಾಸ್ತುವಿನ ಹೆಸರಿನಲ್ಲಿ ಎಂಟು ಚಿನ್ನದ ಬಣ್ಣದ್ದು, ಒಂದು ಕಪ್ಪು, ಹೀಗೆ ಒಂಬತ್ತು ಗೋಲ್ಡ್‌ಫಿಶ್ ಇಡಿಸುವವರಿದ್ದಾರೆ. ಒಂದು ಸತ್ತರೆ ಮನೆಯ ಕಂಟಕವನ್ನು ಅದು ಹೊತ್ತುಕೊಂಡು ಹೋಯಿತಂತೆ. ಎರಡಡಿ ತೊಟ್ಟಿಯಲ್ಲಿ ಒಂಬತ್ತು ಗೋಲ್ಡ್‌ಫಿಶ್ ಇದ್ದರೆ ಅವು ಹೊತ್ತುಕೊಂಡು ಹೋಗುವ ಕಂಟಕದ ಹೆಸರು ಅಮೋನಿಯ. ಅದರ ವಿಚಾರ ಈಗ ಹೇಳಲೇಬೇಕು.

'ಫೈಟರ್ ಹುಟ್ಟುವುದೇ ಕೊಚ್ಚೆಗುಂಡಿಯಲ್ಲಿ, ಗಾಳಿ ಕುಡಿದು ಬದುಕುತ್ತೆ, ಬೌಲ್ ಧಾರಾಳ'

ಎರಡು ಅರ್ಧಸತ್ಯ ಸೇರಿಸಿ ಮಾಡಿದ ಪೂರ್ಣ ಸುಳ್ಳು. ಕಾಡು ಫೈಟರ್‌ಗಳ ನೆಲೆ ಭತ್ತದ ಗದ್ದೆ, ಜವುಗು, ಹುಲ್ಲು ಬೆಳೆದ ಕಾಲುವೆ. ನೀರಿನ ಆಳ ಮೊಣಕಾಲಿನಷ್ಟೇ ಇರಬಹುದು, ಹರವು ಮಾತ್ರ ಎಕರೆಗಟ್ಟಲೆ. ಬೇಸಿಗೆಯಲ್ಲಿ ನೀರು ಬತ್ತಿ ಗುಂಡಿಗಳಲ್ಲಿ ಸಿಕ್ಕಿಕೊಳ್ಳುವುದುಂಟು. ಮಳೆ ಬರುವವರೆಗೆ ಹೇಗೋ ಜೀವ ಹಿಡಿದಿಟ್ಟುಕೊಳ್ಳುವ ಸ್ಥಿತಿ ಅದು. ಬರಗಾಲದಲ್ಲಿ ಗಂಜಿ ಕುಡಿದು ಬದುಕಿದವರಿಗೆ ಜೀವಮಾನವೆಲ್ಲ ಗಂಜಿ ಸಾಕೆಂದು ಯಾರೂ ಹೇಳುವುದಿಲ್ಲ.

ಗಾಳಿ ಕುಡಿಯುವುದೂ ನಿಜ. ತಲೆಯೊಳಗೆ, ಕಿವಿರಿನ ಮೇಲ್ಭಾಗದಲ್ಲಿ ಅದಕ್ಕೊಂದು ಮಡಿಕೆಮಡಿಕೆಯಾದ ಅಂಗವಿದೆ, ಲ್ಯಾಬಿರಿಂತ್ ಅಂಗ ಎನ್ನುತ್ತಾರೆ. ಮೇಲಿನ ಗಾಳಿಯಿಂದ ನೇರವಾಗಿ ಆಮ್ಲಜನಕ ಹೀರುತ್ತದೆ. ಆದ್ದರಿಂದ ಗುಳುಗುಳು ಎನ್ನುವ ಏರ್ ಪಂಪ್ ಅದಕ್ಕೆ ಉಸಿರಿನ ಸಲುವಾಗಿ ಬೇಕಿಲ್ಲ. ನೀರಿನ ಮೇಲ್ಮೈಯಿಂದ ಮುಚ್ಚಳದವರೆಗೆ ಒಂದೆರಡು ಇಂಚು ಗಾಳಿ ಇದ್ದರಾಯಿತು. ಉಸಿರಿನ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮಲಮೂತ್ರದ ಪ್ರಶ್ನೆ ಉಳಿಯಿತು.

ಮೀನು ತಿಂದದ್ದರ ಸಾರಜನಕದ ಅಂಶ ಬಹುಪಾಲು ಕಿವಿರಿನ ಮೂಲಕವೇ ಅಮೋನಿಯವಾಗಿ ನೀರಿಗೆ ಬರುತ್ತದೆ. ಕೊಳೆತ ಆಹಾರದಿಂದಲೂ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ಸ್ವಲ್ಪವಿದ್ದರೆ ವಾಸನೆಯೂ ತಿಳಿಯದು, ನೀರು ಕನ್ನಡಿಯಂತೆ ತಿಳಿಯಾಗಿಯೇ ಇರುತ್ತದೆ. ಕಿವಿರು ಸುಡುತ್ತಿರುತ್ತದೆ. ಚೆನ್ನಾಗಿ ನಡೆಯುವ ತೊಟ್ಟಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ, ಮೂರನೆಯದು ಹೆಚ್ಚಾದರಷ್ಟೇ ತೊಂದರೆ, ಗಿಡಗಳು ಅದನ್ನು ಗೊಬ್ಬರವಾಗಿ ಹೀರುತ್ತವೆ. ಈ ಬ್ಯಾಕ್ಟೀರಿಯಾಗಳು ಮನೆ ಮಾಡುವುದು ಫಿಲ್ಟರಿನ ಸ್ಪಾಂಜಿನಲ್ಲಿ, ಜಲ್ಲಿಕಲ್ಲಿನಲ್ಲಿ, ಎಲೆಗಳ ಮೇಲೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ಮೂರರಿಂದ ಆರು ವಾರ ಹಿಡಿಯುತ್ತದೆ. ಬೆಳಿಗ್ಗೆ ತೊಟ್ಟಿ, ಸಂಜೆ ಮೀನು ತಂದರೆ ತಿಂಗಳೊಳಗೆ ಸಾಯುವುದು ಇದರಿಂದ. ಹಣೆಬರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಮೀನು ಸಾಕುವ ಗೆಳೆಯರಿದ್ದರೆ ಅವರ ಫಿಲ್ಟರಿನ ಹಳೆಯ ಸ್ಪಾಂಜಿನ ಒಂದು ತುಂಡನ್ನು ಒದ್ದೆಯಾಗಿಯೇ ತಂದು ನಿಮ್ಮದಕ್ಕೆ ಸೇರಿಸಿ, ಕಾಯುವ ಕಾಲ ತುಂಬ ಕಡಿಮೆಯಾಗುತ್ತದೆ. ಸಾವಿರ ರೂಪಾಯಿಯ ಬ್ಯಾಕ್ಟೀರಿಯಾ ಬಾಟಲಿ ಮಾಡದ ಕೆಲಸವನ್ನು ಆ ಕೊಳಕು ತುಂಡು ಮಾಡುತ್ತದೆ.

ಲೀಟರಿನ ಲೆಕ್ಕ ಮುಖ್ಯವಾಗುವುದು ಇಲ್ಲಿ. ಒಂದೇ ಮೀನಿನ ಅದೇ ಹೊಲಸು ಎರಡು ಲೀಟರಿನ ಬೌಲಿನಲ್ಲಿ ಇಪ್ಪತ್ತು ಲೀಟರಿನಲ್ಲಿರುವುದಕ್ಕಿಂತ ಹತ್ತು ಪಟ್ಟು ಗಟ್ಟಿ. ಸಣ್ಣ ತೊಟ್ಟಿ ಸುಲಭ ಎಂದುಕೊಳ್ಳುತ್ತೇವೆ. ಹೊಸಬರಿಗೆ ಅದೇ ಕಷ್ಟದ್ದು, ಒಂದು ದಿನದ ಅಜಾಗ್ರತೆಯನ್ನೂ ಅದು ಮನ್ನಿಸುವುದಿಲ್ಲ. ಉದ್ದ, ಅಗಲ, ಎತ್ತರ ಒಂದೊಂದಡಿ ಇರುವ ತೊಟ್ಟಿಗೆ 28 ಲೀಟರ್ ಹಿಡಿಯುತ್ತದೆ. ಕಲ್ಲು ಹಾಕಿ, ಮೇಲೆ ಗಾಳಿಗೆ ಜಾಗ ಬಿಟ್ಟರೆ ಇಪ್ಪತ್ತು ಇಪ್ಪತ್ತೆರಡು ಉಳಿಯುತ್ತದೆ. ಒಂದು ಫೈಟರ್‌ಗೆ ಇದು ಒಳ್ಳೆಯ ಮನೆ. ತುಂಬಿದ ಮೇಲೆ ಮೂವತ್ತು ಕಿಲೋದ ಹತ್ತಿರ ತೂಗುತ್ತದೆ, ಅಲುಗಾಡುವ ಮೇಜಿನ ಮೇಲಿಡಬೇಡಿ. ಒಳಗೆ ಒಂದು ಸಣ್ಣ ಸ್ಪಾಂಜ್ ಫಿಲ್ಟರ್ ಇರಲಿ, ಅದನ್ನು ನಡೆಸುವ ಏರ್ ಪಂಪಿನ ಗಾಳಿಯ ರಭಸ ತಗ್ಗಿಸಿ. ಉದ್ದ ಬಾಲದ ಮೀನಿಗೆ ಹರಿವು ಹೆಚ್ಚಾದರೆ ಸುಸ್ತು. ಅನುಬಿಯಾಸ್, ಜಾವಾ ಫರ್ನ್ ಎರಡೂ ಮಂದ ಬೆಳಕಿನಲ್ಲಿ ಬದುಕುವ ಗಿಡಗಳು. ಮನಿಪ್ಲಾಂಟಿನ ಬಳ್ಳಿಯನ್ನು ಅಂಚಿಗೆ ಸಿಕ್ಕಿಸಿ ಬೇರು ಮಾತ್ರ ನೀರಿನಲ್ಲಿ ಬಿಟ್ಟರೂ ನೈಟ್ರೇಟ್ ಹೀರುತ್ತದೆ.

ಹೂದಾನಿಯಲ್ಲಿ ಗಿಡ, ಕೆಳಗೆ ಫೈಟರ್, ಅದು ಬೇರು ತಿಂದುಕೊಂಡಿರುತ್ತದೆ ಎಂದು ಮಾರುವ ಅಲಂಕಾರವೊಂದಿದೆ. ಫೈಟರ್ ಹುಳ ತಿನ್ನುವ ಮೀನು. ಬೇರಿನ ನಡುವೆ ಅದು ಉಪವಾಸವಿರುತ್ತದೆ.

'ವಾರಕ್ಕೊಮ್ಮೆ ಎಲ್ಲ ನೀರು ಚೆಲ್ಲಿ, ಸೋಪಿನಲ್ಲಿ ತೊಳೆದರೆ ಶುದ್ಧ'

ಭಾನುವಾರದ ಈ ಮಹಾಮಜ್ಜನ ಮೇಲೆ ಹೇಳಿದ ಬ್ಯಾಕ್ಟೀರಿಯಾಗಳನ್ನೆಲ್ಲ ಚರಂಡಿ ಪಾಲು ಮಾಡುತ್ತದೆ. ಸೋಮವಾರ ಮತ್ತೆ ಹೊಸ ತೊಟ್ಟಿ, ಮತ್ತೆ ಅಮೋನಿಯ. ವಾರಕ್ಕೆ ಕಾಲು ಭಾಗ ನೀರು ಬದಲಿಸಿ. ಒಂದು ಪೈಪಿನಿಂದ ತಳದ ಕಸ ಎಳೆಯಿರಿ. ಸ್ಪಾಂಜನ್ನು ಹಾಗೆ ತೆಗೆದ ಹಳೆಯ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಬೇಡ. ಸೋಪು ಯಾವತ್ತೂ ಬೇಡ.

ಯಾವ ನೀರು ಎಂಬುದು ಊರಿನ ಮೇಲೆ ಹೋಗುತ್ತದೆ. ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟಿನಲ್ಲಿ ಬಾಯ್ತೆರೆದು ಒಂದು ದಿನ ಇಟ್ಟರೆ ಹಾರುತ್ತದೆ, ಅವಸರವಿದ್ದರೆ ಆ್ಯಂಟಿಕ್ಲೋರಿನ್ ಹನಿ ಹಾಕಬೇಕು. ಬೋರ್‌ವೆಲ್ ನೀರು ಗಡುಸು. ಫೈಟರ್ ಅದಕ್ಕೂ ಒಗ್ಗುತ್ತದೆ, ದಿಢೀರ್ ಬದಲಾವಣೆಗೆ ಮಾತ್ರ ಒಗ್ಗುವುದಿಲ್ಲ. ಟ್ಯಾಂಕರ್ ನಂಬಿದವರಿಗೆ ಲೋಡಿನಿಂದ ಲೋಡಿಗೆ ನೀರೇ ಬೇರೆ, ಹಾಗಾಗಿ ಅವರು ಸ್ವಲ್ಪಸ್ವಲ್ಪವೇ ಬದಲಿಸುವುದು ಕ್ಷೇಮ. 'ಆರ್‌ಓ ನೀರು ಶುದ್ಧ ಅಲ್ವಾ' ಎಂದು ಅದನ್ನೇ ತುಂಬುವವರಿದ್ದಾರೆ. ಮೀನಿಗೆ ಬೇಕಾದ ಖನಿಜಗಳನ್ನೂ ಅದು ತೆಗೆದಿರುತ್ತದೆ, ಪಿಎಚ್ ನಿಲ್ಲುವುದಿಲ್ಲ.

ಇನ್ನೊಂದು ಮಾತು. ಥಾಯ್ಲೆಂಡಿನವರು ಫೈಟರ್ ನೀರಿಗೆ ಒಣಗಿದ ಕಾಡುಬಾದಾಮಿ ಎಲೆ ಹಾಕುತ್ತಾರೆ. ಎಲೆಯ ಒಗರು ಬಿಟ್ಟು ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ, ಕೆಲವು ಸೂಕ್ಷ್ಮಜೀವಿಗಳನ್ನೂ ಅದು ತಡೆಯುತ್ತದೆ. ಆನ್‌ಲೈನಿನಲ್ಲಿ ಇದನ್ನು ಪ್ಯಾಕೆಟ್ ಮಾಡಿ ದುಬಾರಿ ಬೆಲೆಗೆ ಮಾರುತ್ತಾರೆ. ನಮ್ಮ ಬೀದಿ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ ಇದೇ ಮರದ ಕೆಂಪೆಲೆಗಳನ್ನು ದಿನಾ ಗುಡಿಸಿ ಸುಡುತ್ತೇವೆ. ಔಷಧ ಹೊಡೆಯದ, ವಾಹನದ ಹೊಗೆ ತಾಕದ ಕಡೆಯ ಒಣಗಿದ ಎಲೆ ಆರಿಸಿ, ತೊಳೆದು ಒಂದು ಹಾಕಿ ನೋಡಿ.

'ನಮ್ಮದು ಬಿಸಿಲಿನ ದೇಶ, ಹೀಟರ್ ಯಾಕೆ?'

ಮಂಗಳೂರಿನವರು ಹೀಗೆ ಕೇಳಿದರೆ ಒಪ್ಪುವ ಮಾತು. ಫೈಟರ್‌ಗೆ 24ರಿಂದ 28 ಡಿಗ್ರಿ ಹಿತ. ಡಿಸೆಂಬರ್ ರಾತ್ರಿಗಳಲ್ಲಿ ಬೆಂಗಳೂರು, ಚಿಕ್ಕಮಗಳೂರು, ಮಡಿಕೇರಿಯ ಮನೆಗಳಲ್ಲಿ ತೊಟ್ಟಿಯ ನೀರು ಅದಕ್ಕಿಂತ ಸಾಕಷ್ಟು ಕೆಳಗಿಳಿಯುತ್ತದೆ. ಮೀನು ತಳದಲ್ಲಿ ಮಂಕಾಗಿ ಕೂರುತ್ತದೆ, ಊಟ ಬಿಡುತ್ತದೆ. ಲೀಟರಿಗೆ ಒಂದು ವಾಟಿನ ಲೆಕ್ಕದಲ್ಲಿ 25 ವಾಟಿನ ಹೀಟರ್ ಸಾಕು. ಕಲಬುರಗಿ, ರಾಯಚೂರಿನವರ ಚಿಂತೆ ಏಪ್ರಿಲ್‌ನದು. ಕಿಟಕಿಯ ಬಿಸಿಲಿನಿಂದ ತೊಟ್ಟಿ ಸರಿಸಿ, ಮುಚ್ಚಳ ಸ್ವಲ್ಪ ತೆರೆದು ಜಾಲರಿ ಹಾಕಿ. ಪೂರ್ತಿ ತೆರೆದಿಟ್ಟರೆ ಫೈಟರ್ ಹಾರಿ ನೆಲಕ್ಕೆ ಬೀಳುತ್ತದೆ.

'ಹತ್ತಿರ ಹೋದರೆ ಓಡಿ ಬರುತ್ತೆ, ಪಾಪ ಹಸಿವು'

ಓಡಿ ಬರುವುದು ಹಸಿವಿಗಲ್ಲ, ನೀವು ಬಂದರೆ ಊಟ ಬರುತ್ತದೆಂಬ ನೆನಪಿಗೆ. ಮೀನಿನ ನೆನಪು ಮೂರು ಸೆಕೆಂಡಿನದು ಎಂಬ ಜೋಕಿಗೆ ಅದೇ ಉತ್ತರ. ಮನೆಯ ಮೀನುಗಳು ಉಪವಾಸದಿಂದ ಸತ್ತದ್ದು ಕಡಿಮೆ, ತಿನ್ನಿಸಿ ಕೊಂದದ್ದೇ ಹೆಚ್ಚು. ಫೈಟರ್‌ನ ಹೊಟ್ಟೆ ಬಹಳ ಪುಟ್ಟದು. ಬೆಳಿಗ್ಗೆ ಎರಡು ಮೂರು ಪೆಲೆಟ್, ಸಂಜೆ ಅಷ್ಟೇ. ವಾರಕ್ಕೊಂದು ದಿನ ಏನೂ ಬೇಡ. ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿದ ಖುಷಿಯಲ್ಲಿ ಮನೆಯ ತೊಟ್ಟಿಗೂ ಮಂಡಕ್ಕಿ, ಬ್ರೆಡ್ಡು, ಅನ್ನದ ಅಗುಳು ಹಾಕುತ್ತಾರೆ. ಅಲ್ಲಿರುವುದು ಹರಿಯುವ ಹೊಳೆ, ಸಿಕ್ಕಿದ್ದನ್ನೆಲ್ಲ ತಿನ್ನುವ ದೊಡ್ಡ ಮೀನುಗಳು. ಫೈಟರ್ ಮಾಂಸಾಹಾರಿ. ಬಿಟ್ಟುಹೋದ ಅನ್ನ ರಾತ್ರಿಯೊಳಗೆ ಕೊಳೆಯುತ್ತದೆ.

ಹಬ್ಬಕ್ಕೆ ಊರಿಗೆ ಹೊರಟರೆ ಮೂರು ನಾಲ್ಕು ದಿನ ಮೀನನ್ನು ಹಾಗೇ ಬಿಟ್ಟು ಹೋಗಿ. ಪಕ್ಕದ ಮನೆಯವರಿಗೆ ಡಬ್ಬಿ ಕೊಟ್ಟು ಹೋದರೆ ಪ್ರೀತಿಯಿಂದ ಒಂದೇ ದಿನ ಅರ್ಧ ಡಬ್ಬಿ ಸುರಿದಿರುತ್ತಾರೆ.

'ನೊರೆ ಕಟ್ಟಿದೆ, ಅಂದರೆ ಖುಷಿಯಾಗಿದೆ'. 'ಅಡ್ಡ ಮಲಗಿದೆ, ಅಂದರೆ ಸತ್ತಿದೆ'

ಎರಡೂ ಅಲ್ಲ. ನೊರೆಗೂಡು ಕಟ್ಟುವುದು ಪ್ರಾಯದ ಗಂಡಿನ ಸಹಜ ಪ್ರವೃತ್ತಿ. ಕೆಟ್ಟ ನೀರಿನ ಲೋಟದಲ್ಲೂ ಕಟ್ಟುತ್ತದೆ, ಅದನ್ನು ನೋಡಿ ನೀರು ಚೆನ್ನಾಗಿದೆಯೆಂದು ಬೀಗಬೇಡಿ. ಇನ್ನು ಫೈಟರ್ ದೀಪ ಆರಿದ ಮೇಲೆ ಅಗಲ ಎಲೆಯ ಮೇಲೆ ಒರಗಿ, ಕೆಲವೊಮ್ಮೆ ಪೂರ್ತಿ ವಾಲಿ ನಿದ್ದೆ ಮಾಡುತ್ತದೆ. ಎಷ್ಟೋ ಮನೆಯಲ್ಲಿ ಮಗು ಅತ್ತು, ಅಪ್ಪ ಸೌಟು ತಂದ ಮೇಲೆ ಅದು ಎದ್ದು ಹೋಗಿದೆ. ಚಿಂತೆ ಮಾಡಬೇಕಾದ್ದು ಹಗಲಲ್ಲೂ ಏಳದಿದ್ದಾಗ, ರೆಕ್ಕೆ ಮುದುಡಿಕೊಂಡೇ ಇದ್ದಾಗ, ಹೊಟ್ಟೆ ಊದಿ ಹುರುಪೆಗಳು ನಿಮಿರಿ ನಿಂತಾಗ.

'ಫೈಟರ್ ಬೇಡವೆಂದರೆ ಬೇರೆ ದಾರಿಯಿಲ್ಲ'

ಇದೆ, ಅದೂ ನಮ್ಮ ದೇಶದ್ದೇ. ಟಿಪ್ಪುವಿನ ನಂತರ, 1800ರಲ್ಲಿ ಮೈಸೂರು ಸೀಮೆಯ ಊರೂರು ಸುತ್ತಿ ಬೆಳೆ, ನೆಲ, ಜನರ ವಿವರ ಬರೆದ ಫ್ರಾನ್ಸಿಸ್ ಬುಕಾನನ್ ಹೆಸರು ಚರಿತ್ರೆ ಓದಿದವರಿಗೆ ಗೊತ್ತು. ಅದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರು ಸೇರಿಸಿಕೊಂಡು 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ಹೊರತಂದ. ಹನಿ ಗೌರಾಮಿಯೂ ಸ್ಕಾರ್ಲೆಟ್ ಬ್ಯಾಡಿಸ್ ಕೂಡ ಶಾಸ್ತ್ರದ ಪಟ್ಟಿಗೆ ಸೇರಿದ್ದು ಆ ಪುಸ್ತಕದಿಂದ.

ಹನಿ ಗೌರಾಮಿ ಗಂಗಾ, ಬ್ರಹ್ಮಪುತ್ರಾ ಬಯಲಿನದು. ಎರಡಿಂಚಿಗಿಂತ ಹೆಚ್ಚು ಬೆಳೆಯದು, ಜೇನಿನ ಬಣ್ಣ, ಸಂಕೋಚದ ಸ್ವಭಾವ. ಫೈಟರ್‌ನ ಹಾಗೆಯೇ ಗಾಳಿ ಕುಡಿಯುತ್ತದೆ. ಎದೆಯ ಕೆಳಗಿನ ಎರಡು ದಾರದಂಥ ರೆಕ್ಕೆಗಳಿಂದ ಎದುರಿನದನ್ನೆಲ್ಲ ಮುಟ್ಟಿಮುಟ್ಟಿ ನೋಡುವುದೇ ಒಂದು ಸೊಗಸು. ಒಂದೂವರೆ ಅಡಿ ಉದ್ದದ ತೊಟ್ಟಿಯಿದ್ದರೆ ನನ್ನ ಆಯ್ಕೆ ಫೈಟರ್ ಅಲ್ಲ, ಇದೇ. ಅಂಗಡಿಯಲ್ಲಿ ಕೆಂಪು ನೀಲಿ ಪಟ್ಟೆಯ ಡ್ವಾರ್ಫ್ ಗೌರಾಮಿಯ ಪಕ್ಕ ಇದು ಸಪ್ಪೆ ಕಾಣುತ್ತದೆ, ಜನ ಅದನ್ನೇ ಒಯ್ಯುತ್ತಾರೆ. ಡ್ವಾರ್ಫ್ ಗೌರಾಮಿಗೆ ಮದ್ದಿಲ್ಲದ ಒಂದು ವೈರಸ್ ಕಾಯಿಲೆ ವ್ಯಾಪಾರದ ಮೀನುಗಳಲ್ಲೇ ಹರಡಿದೆ.

ಸ್ಕಾರ್ಲೆಟ್ ಬ್ಯಾಡಿಸ್ ಇನ್ನೂ ಪುಟ್ಟದು, ಗಂಡಿನ ಉದ್ದ ಇಂಚಿನೊಳಗೆ. ಜೀವಂತ ಹುಳವಿಲ್ಲದೆ ತಿನ್ನದು, ಹೊಸಬರಿಗೆ ಹೇಳಿಸಿದ್ದಲ್ಲ. ಇದರ ಬಳಗದ್ದೇ ಒಂದು ಪುಟಾಣಿ ಮೀನನ್ನು ಕರ್ನಾಟಕದ ಪಶ್ಚಿಮಘಟ್ಟದ ತೊರೆಯಲ್ಲಿ ಗುರುತಿಸಿ 2015ರಲ್ಲಿ ಡಾರಿಯೊ ಹುಲಿ ಎಂದು ಹೆಸರಿಟ್ಟರು, ಮೈಮೇಲಿನ ಪಟ್ಟೆ ನೋಡಿ. ಅದು ತೊರೆಯಲ್ಲೇ ಇರಲಿ.

ಕೇರಳ, ಕರ್ನಾಟಕದ ಹೊಳೆಗಳ ಪೀ ಪಫರ್ ಕೂಡ ಈಗ ಜನಪ್ರಿಯ. ಬಟಾಣಿ ಗಾತ್ರದ ದುಂಡು ಮೈ, ಎಲ್ಲ ಕಡೆ ತಿರುಗುವ ಕಣ್ಣು, ಯಾರಿಗಾದರೂ ಮುದ್ದು ಬರುತ್ತದೆ. ಶಾಂತ ಎಂದು ತಂದವರಿಗೆ ಬೇರೆ ಮೀನುಗಳ ಬಾಲ ಕತ್ತರಿಸಿದ ಮೇಲೆ ಗೊತ್ತಾಗುತ್ತದೆ. ಬಸವನಹುಳು ಸಿಕ್ಕಿದರಂತೂ ಬಿಡದು. ಹೊಳೆಗಳಿಂದ ಹಿಡಿದು ಮಾರುವುದೇ ಹೆಚ್ಚು. ಅಳಿವಿನ ಅಪಾಯವಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ. ಪುಟ್ಟ ತೊಟ್ಟಿಯ ಶಾಂತ ಮೀನು ಹುಡುಕುವವರು ಇದರ ಮುಂದೆ ಹೆಚ್ಚು ಹೊತ್ತು ನಿಲ್ಲದಿರುವುದು ಲೇಸು.

'ಗಾಜು ಕ್ಲೀನ್ ಮಾಡೋಕೆ ಒಂದು ಸಕ್ಕರ್ ಹಾಕಿ'

ಬಿಲ್ ಮಾಡುವಾಗ ಅಂಗಡಿಯವರು ಕೊನೆಗೆ ಸೇರಿಸುವ ಮೀನು ಇದು. ದಕ್ಷಿಣ ಅಮೆರಿಕದ ಸಕ್ಕರ್ ಮೀನು ಒಂದಡಿ ಮೀರಿ ಬೆಳೆಯುತ್ತದೆ, ಅಂದರೆ ನಿಮ್ಮ ತೊಟ್ಟಿಯಷ್ಟೇ ಉದ್ದ. ತಿನ್ನುವ ಪಾಚಿಗಿಂತ ಹಾಕುವ ಹೊಲಸೇ ಹೆಚ್ಚು. ಆರೇಳು ತಿಂಗಳಲ್ಲಿ ಅದು ತೊಟ್ಟಿಗೆ ದೊಡ್ಡದಾದಾಗ, ಕೊಲ್ಲಲು ಮನಸ್ಸು ಬಾರದೆ, ಕೆರೆಗೆ ಬಿಟ್ಟರೆ ಪುಣ್ಯವೆಂದು ಸಂಜೆ ಹೊತ್ತು ಹೋಗಿ ಬಿಟ್ಟು ಬರುತ್ತಾರೆ. ಹೀಗೆ ಬಿಟ್ಟ ಸಕ್ಕರ್‌ಗಳು ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಸಂಸಾರ ಬೆಳೆಸಿವೆ. ದಡದಲ್ಲಿ ಬಿಲ ಕೊರೆಯುತ್ತವೆ, ಮುಳ್ಳಿನ ಮೈಯಿಂದ ಮೀನುಗಾರರ ಬಲೆ ಹರಿಯುತ್ತವೆ, ನಮ್ಮ ಮೀನುಗಳ ಮೇವಿಗೆ ಪಾಲುದಾರರಾಗುತ್ತವೆ. ಫೈಟರ್ ಆಗಲಿ, ಗಪ್ಪಿಯಾಗಲಿ, ಬೇಡವಾದದ್ದನ್ನು ತಂದ ಅಂಗಡಿಗೇ ಒಯ್ಯಿರಿ. ದುಡ್ಡು ವಾಪಸ್ ಕೊಡದಿದ್ದರೂ ಮೀನನ್ನು ಇಟ್ಟುಕೊಳ್ಳುವವರು ಸಿಗುತ್ತಾರೆ.

ಗಾಜಿನ ಪಾಚಿಯೋ? ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದರೆ ಎರಡು ನಿಮಿಷದ ಕೆಲಸ. ದೀಪ ದಿನಕ್ಕೆ ಏಳೆಂಟು ಗಂಟೆ ಮೀರದಂತೆ ನೋಡಿಕೊಂಡರೆ ಅದೂ ಎಂದಾದರೊಮ್ಮೆ ಮಾತ್ರ.